ಬಟನ್ ಮೇಲಿನ ಹುಣಸೆಬೀಜ

ಹರಿಹರ,
೧೨-೮-೧೯೯೮

ದಾವಣಗೆರೆಯ ರೇಡಿಯೋ ಅಂಗಡಿ ಮುಜಾಹಿದ್ ಅವ್ರಿಗೆ ನಮಸ್ಕಾರ.

ರೆಕಾರ್ಡ್ ಬಟನ್ನೇ ಇಲ್ಲದ ವಾಕ್‌ಮನ್ ಒಂದು ಬೇಕ್ರಿ. ಬಟನ್ನು ಒಂದೊಂದೂ ಬೆರಳಿಗೆ ಬ್ಯಾರೆ ಬ್ಯಾರೆ ತಿಳೀಬೇಕು. ಕಣ್ಣು ಕಾಣದ ನನ್ನ ಗೆಳೆಯ ಸಿಕಂದರ್‌ಗೆ.

ಅವನು ಹಳೇದರಾಗೆ ಪ್ಲೇ ಬಟನ್ ಗುರ್ತಿಗೆ ಹುಣಸೆಬೀಜ ಅಂಟಿಸಿದ್ದ. ನಾನು ತಮಾಷೆಗೆ ಅದನ್ನ ಕಿತ್ತು ರೆಕಾರ್ಡ್ ಬಟನ್ನಿಗೆ ಅಂಟಿಸಿದೆ. ಒಳಗಿದ್ದದ್ದು ತೀರಿಹೋದ ಅವನ ಹೆಂಡ್ತಿ ಸುಗ್ರಾಬಿ ದನಿ ಇದ್ದ ಕ್ಯಾಸೆಟ್, ನಂಗೆ ಗೊತ್ತಿರ್ಲಿಲ್ಲ. ಅವನು ಒತ್ತಿದ, ಆಕಿ ಮಾತು ಅಳಿಸಿಹೋತು. ಅಲ್ಲೀಗ ಪಕ್ಕದಾಗೆ ಕೂತು ನಾನು ಕಿಸಿಕಿಸಿ ನಕ್ಕಿದ್ದೈತೆ.

ಅದನ್ನ ಕೇಳಿ, "ಬೀಜ ನಾನೇ ತಪ್ಪಿ ಅಂಟಿಸಿರ್ಬೇಕು ಬಿಡೋ ಉಜ್ಜನಪ್ಪ" ಅಂದ.

ನಾನು "ಹೂಂ" ಅಂದ್ಬಿಟ್ಟೆ.

ವಾಕ್‌ಮನ್ ಕೈಗೆ ಕೊಡುವಾಗ ನಿಜ ಹೇಳ್ತೀನಿ. ಜಲ್ದಿ ಕಳಿಸ್ರಿ, ಧೈರ್ಯ ಆರಿ ಹೋದೀತು.

ನೀವು ಕಿಡಿಗೇಡಿ ಅಂತಿದ್ದ, ಈಗ ನಾಚಿಕೆಗೇಡಿ ಆಗಿರೋ
ಉಜ್ಜನಪ್ಪ