ಮುಟ್ಟದ ಗೆರೆ

ಗಣಿತದ ಮೇಷ್ಟ್ರಿಗೆ, ನಮಸ್ಕಾರ.

‘ಹತ್ತಿರ ಬಂದವರು ಮುಟ್ಟಿಯೇ ತೀರುತ್ತಾರೆ’ ಎಂಬಂಥ ಸಾಲನ್ನು ಎಲ್ಲೋ ಓದಿದ ನೆನಪು. ನಿಜವೇ? ಪರೀಕ್ಷೆಯಲ್ಲಿ ನೀವು ನಕ್ಷೆ ಬಿಡಿಸಲು ಕೊಟ್ಟ ಭಿನ್ನರಾಶಿಯಲ್ಲಿ x ಎರಡಾದಾಗ ಛೇದ ಸೊನ್ನೆಯಾಗುತ್ತದೆ. ವಕ್ರರೇಖೆ ಅಲ್ಲಿಯ ಲಂಬ ಗೆರೆಯನ್ನು ಸಮೀಪಿಸುತ್ತದೆ, ಮುಟ್ಟುವುದಿಲ್ಲ; ನನ್ನ ಮಗಳು ಹಾಗೆಯೇ ಎಳೆದಿದ್ದಳು. ನೀವು ಕೆಂಪು ಪೆನ್ನಿನಲ್ಲಿ ವಕ್ರರೇಖೆಯನ್ನು ಆ ಗೆರೆ ದಾಟಿಸಿ, ಅವಳನ್ನು ಫೇಲು ಮಾಡಿ, ‘ಮನೆಯಲ್ಲಿ ಹೇಳಿಕೊಡುವವರಿಲ್ಲವೇ?’ ಎಂದು ಬರೆದಿದ್ದೀರಿ. ಹೇಳಿಕೊಟ್ಟವಳು ನಾನೇ; ಗಣಿತದಲ್ಲಿ ಎಂ.ಎಸ್ಸಿ. ಅವಕಲನ ಮಾಡಿ ವಕ್ರರೇಖೆಯ ಏರಿಳಿತ ನೋಡುವ ಗೋಜು ನಿಮಗೇಕೆ, ನಾಲ್ಕು ಚುಕ್ಕಿ ಇಟ್ಟು ಜೋಡಿಸಿದರೆ ಆಯಿತಲ್ಲ? ಚುಕ್ಕಿ ಜೋಡಿಸುವ ಆಟ ಶಿಶುವಿಹಾರದಲ್ಲೂ ಇದೆ, ಅಲ್ಲಿ ಪ್ರಯತ್ನಿಸಿ. ಅದಕ್ಕೆ ಮೊದಲು ಅವಳ ಅಂಕ ತಿದ್ದಿಬಿಡಿ.

ಇತಿ,
ಆ ಹುಡುಗಿಯ ತಾಯಿ

ತಾ.ಕ.: ತಪ್ಪು ಗೊತ್ತಾಗಿಯೇ ನಿನ್ನೆ ಬಂದಿದ್ದಿರೇನೋ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ನಗುತ್ತಾ ಹೇಳಿದರು: “ಮೇಷ್ಟ್ರು ನಿಮ್ಮ ಬಾಗಿಲ ತನಕ ಬಂದ್ರು ಕಣ್ರೀ, ಬೆಲ್ಲಿಗೆ ಕೈನೂ ಚಾಚಿದ್ರು. ಮುಟ್ಲಿಲ್ಲ ನೋಡಿ!”