ಮೂರು ಕಾಲಿನ ಸವತಿ

ಕಿಬ್ಬನಹಳ್ಳಿ
9 ಡಿಸೆಂಬರ್ 2024

ನನ್ನವರಿಗೆ,

ನಿಮ್ಮ ಗಿರಿಜೆಯ ನಮಸ್ಕಾರಗಳು. ನಿಮ್ಮನ್ನು ನೋಡಿಕೊಂಡು ಬಂದು ಹದಿನೆಂಟು ದಿನವಾಯಿತು, ಒಂದು ಸಾಲೂ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಅಟ್ಟದ ತೆಂಗಿನಕಾಯಿ ಇಳಿಸಿ ಸುಲಿಸುವ ಕೆಲಸವಿತ್ತು. ನಿಜ ಹೇಳಬೇಕೆಂದರೆ ಅದು ನೆಪ. ಕೋಪ ಆರಲಿ ಎಂದು ಕಾದೆ, ಆರಲಿಲ್ಲ. ಫೋನಿನಲ್ಲಿ ಹೇಳಹೊರಟರೆ ಅಳು ಬರುತ್ತದೆ. ನಿಮ್ಮ ಜೊತೆ ಕೆಲಸ ಮಾಡುವ ಮೋಹನ್ ಕುಮಾರ್ ರಜಾ ಮುಗಿಸಿ ನಾಳಿದ್ದು ಹೊರಡುತ್ತಾರಂತೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಮಾವ ಚೆನ್ನಾಗಿದ್ದಾರೆ. ಅವರಿಗೆ ಊಟಕ್ಕಿಂತ ಸಮುದ್ರದಲ್ಲಿ ಎಣ್ಣೆಬಾವಿ ಕೊರೆಯುವ ನಿಮ್ಮ ರಿಗ್ಗಿನ ಸುದ್ದಿಯೇ ಹೆಚ್ಚು. "ನಮ್ ತೋಟದ ತೆಂಗಿನ್ ಮರನ ಒಂದ್ರ ಮ್ಯಾಲೊಂದು ಎಷ್ಟ್ ನಿಲ್ಸಿದ್ರೆ ಅಷ್ಟೆತ್ರ ಆಯ್ತದವ್ವ?" ಎಂದು ದಿನಾ ಕೇಳುತ್ತಾರೆ. ಏಳು ಎಂದರೆ, "ಅಲ್ಲಿ ನನ್ ಮಗ ವೆಲ್ಡಿಂಗ್ ಬೆಂಕಿ ಹಿಡ್ಕಂಡ್ ನಿಂತವ್ನೆ" ಎಂದು ಅಂಗಡಿಯವರಿಗೆಲ್ಲ ಹೇಳಿ ಬರುತ್ತಾರೆ.

ನನಗೂ ಆ ಹೆಮ್ಮೆಯೇ ಇತ್ತು. ಅರಸೀಕೆರೆಯಲ್ಲಿ ಬಸ್ಸು ಬದಲಾಯಿಸಿ, ಘಟ್ಟ ಇಳಿದು, ಮೂರು ಸಲ ವಾಂತಿ ಮಾಡಿಕೊಂಡು ಆ ಪುಟ್ಟ ಊರು ತಲುಪಿದೆ. ಮೀನಿನ ದೋಣಿಗಳ ಆಚೆ, ರಿಪೇರಿಗೆಂದು ದಡದ ಹತ್ತಿರ ತಂದ ನಿಮ್ಮ ರಿಗ್ಗು ನೀರಿನೊಳಕ್ಕೆ ಮೂರು ಕಾಲು ಊರಿ ನಿಂತಿತ್ತು. ಅದರ ಮುಂದೆ ಚರ್ಚಿನ ಗೋಪುರ, ದೀಪದ ಕಂಬ ಎಲ್ಲ ಆಟದ ಸಾಮಾನಿನಂತೆ ಕಂಡವು. ಜನ ಜಾತ್ರೆಗೆ ಬಂದಂತೆ ಬಂದಿದ್ದರು. ದೋಣಿಯವರು ಅದರ ಸುತ್ತ ಒಂದು ಸುತ್ತು ಹಾಕಿಸಲು ಕೂಗಿ ಕರೆಯುತ್ತಿದ್ದರು. ಬಾವಿಯೊಳಗೆ ಇಣುಕಿದಾಗ ಆಗುವಂತೆ ನನ್ನ ಎದೆ ಜುಂ ಎಂದಿತು. ಇದರ ಮೇಲೆ ನನ್ನ ಗಂಡ ಇದ್ದಾನೆ ಎಂದು ಪಕ್ಕದಲ್ಲಿ ನಿಂತವರಿಗೆಲ್ಲ ಹೇಳಬೇಕೆನಿಸಿತು. ಮೀನು ಮಾರುವ ಒಬ್ಬಾಕೆಗೆ ಹೇಳಿಯೂ ಬಿಟ್ಟೆ.

ನೀವು ಬಂದಿರಿ. ಮೂರು ತಿಂಗಳ ಮೇಲೆ ಕಂಡ ಮುಖ. ಕೊಬ್ಬರಿ ಮಿಠಾಯಿಯ ಡಬ್ಬಿ ಕೊಟ್ಟೆ. ನೀವು ಒಂದು ತುಂಡು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಜೊತೆಯವರಿಗೆ ಹಂಚಿದಿರಿ. ಇರಲಿ. ಆದರೆ ನನ್ನ ಜೊತೆ ಕೂತ ಒಂದು ಗಂಟೆಯಲ್ಲಿ ಎಷ್ಟು ಸಲ ಹಿಂತಿರುಗಿ ಅದನ್ನೇ ನೋಡಿದಿರಿ! "ಅಗೋ, ಆ ಎಡಗಡೆ ಕಾಲು ನೋಡು. ಬಿರುಕು ಬಿಟ್ಟಿತ್ತು ಕಣೇ. ಮೂರು ದಿನ ಹಗ್ಗದಲ್ಲಿ ನೇತಾಡ್ಕಂಡು ವೆಲ್ಡಿಂಗ್ ಮಾಡ್ದೆ" ಎಂದಿರಿ. ಆ ಬಿರುಕಿನ ಉದ್ದ, ಅಗಲ, ಎಲ್ಲಿ ಶುರು, ಎಲ್ಲಿ ಕೊನೆ, ಎಲ್ಲ ನಿಮಗೆ ಗೊತ್ತಿತ್ತು. ನಾನು ಆರು ಕೆ.ಜಿ. ಇಳಿದಿದ್ದೇನೆ, ಅದು ಕಾಣಲಿಲ್ಲ. ನಗಬೇಡಿ, ಕಬ್ಬಿಣದ ಮೇಲೆ ನನಗೆ ಹೊಟ್ಟೆಕಿಚ್ಚು ಬಂತು. ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಈ ಸವತಿಗೆ ಜುಟ್ಟೂ ಇಲ್ಲ.

"ನಾನೂ ಮೇಲೆ ಬಂದು ನೋಡ್ಲಾ?" ಎಂದೆ.

"ಹೆಂಗಸರನ್ನ ಬಿಡಲ್ಲ ಕಣೇ, ರೂಲ್ಸು" ಎಂದಿರಿ. ನೀರಿನ ಕಡೆ ನೋಡುತ್ತ ಹೇಳಿದಿರಿ.

ನಿಮ್ಮ ದೋಣಿ ಹೋದ ಅರ್ಧ ಗಂಟೆಗೆ ಇನ್ನೊಂದು ದೋಣಿ ಬಂತು. ಅದರಿಂದ ನಾಲ್ಕು ಹೆಂಗಸರು ಹಳದಿ ಹೆಲ್ಮೆಟ್ಟು ಹಾಕಿಕೊಂಡು ಇಳಿದರು. ಅವರಲ್ಲೊಬ್ಬಳು ಮೋಹನ್ ಕುಮಾರ್ ಹೆಂಡತಿ ಸುಷ್ಮಿತಾ. ಓಡಿ ಬಂದು ಕೈ ಹಿಡಿದಳು. "ಅಕ್ಕಾ, ಇವತ್ತು ಮನೆಯೋರಿಗೆಲ್ಲ ಬಿಡ್ತಾರೆ, ನೀವ್ಯಾಕೆ ಬರ್ಲಿಲ್ಲ? ನಿಮ್ಮೆಜಮಾನ್ರ ರೂಮೂ ನೋಡಿದ್ವಿ. ಹಾಸಿಗೆ ಎಷ್ಟು ನೀಟಾಗಿ ಮಡಿಸವ್ರೆ ಅಂತೀರಾ!"

"ನಂಗೆ ನೀರು ಕಂಡ್ರೆ ಭಯ ಕಣಮ್ಮ" ಎಂದೆ.

ನನ್ನ ಗಂಡ ಮಲಗುವ ಜಾಗವನ್ನು ಇನ್ನೊಬ್ಬಳ ಬಾಯಿಂದ ಕೇಳಿ ತಿಳಿಯಬೇಕಾಯಿತಲ್ಲ. ಅವಳ ಹಣೆಯಲ್ಲಿ ಹೆಲ್ಮೆಟ್ಟಿನ ಗೆರೆ ಕೆಂಪಗೆ ಮೂಡಿತ್ತು. ಆ ಗೆರೆಯನ್ನು ಕಂಡೂ ಹೊಟ್ಟೆ ಉರಿಯಿತು. ಅವಳು ಒಳ್ಳೆಯ ಹುಡುಗಿ, ಬಸ್ಸಿಗೆಂದು ಬಾಳೆಹಣ್ಣು ಕೊಡಿಸಿದಳು. ತಿನ್ನಲಾಗಲಿಲ್ಲ.

ಇನ್ನು ಹತ್ತು ದಿನಕ್ಕೆ ರಿಗ್ಗು ಮತ್ತೆ ನಡುಸಮುದ್ರಕ್ಕೆ ಹೋಗುತ್ತದೆಂದು ಮೋಹನ್ ಕುಮಾರ್ ಹೇಳಿದರು. ಎತ್ತರದಲ್ಲಿ ಕೆಲಸ ಮಾಡುವಾಗ ಹಗ್ಗ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿಕೊಳ್ಳಿ. ಹೊತ್ತಿಗೆ ಸರಿಯಾಗಿ ಉಣ್ಣಿ. ಸಿದ್ಧರಾಮೇಶ್ವರ ನಿಮ್ಮ ಕಾಲ ಕೆಳಗೆ ಸದಾ ನೆಲ ಇಟ್ಟಿರಲಿ.

ಇಂತಿ ನಿಮ್ಮ
ಗಿರಿಜಾಂಬಿಕಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅವತ್ತು ಬಸ್ಸು ಹತ್ತುವ ಮುಂಚೆ ಬಂದರಿನ ಗೇಟಿನ ಆಫೀಸಿಗೆ ಹೋಗಿ, ನನ್ನನ್ನೇಕೆ ಬಿಡಲಿಲ್ಲವೆಂದು ಕೇಳಿದೆ. ಗುಮಾಸ್ತರು ಪಟ್ಟಿ ತೆಗೆದು ನೋಡಿದರು. ನಿಮ್ಮ ಹೆಸರಿನ ಮುಂದೆ ಹೆಂಡತಿ ಎನ್ನುವ ಕಡೆ ಖಾಲಿ. ಏನಾದರೂ ಆದರೆ ತಿಳಿಸಬೇಕಾದವರು: ತಾಯಿ, ಸಿದ್ದಗಂಗಮ್ಮ, ಅವರದೇ ಫೋನ್ ನಂಬರು. "ಹೆಸರು ಸೇರಿಸ್ಲಿಕ್ಕೆ ನಿಮ್ಮವರು ಒಂದು ಚೀಟಿ ಕೊಟ್ಟಿದ್ರೆ ಸಾಕಿತ್ತು ಮಾರಾಯ್ರೆ, ನೋಟೀಸು ಹಾಕಿ ತಿಂಗಳಾಯ್ತು" ಎಂದರು. ನಮ್ಮ ಮದುವೆಯಾಗಿ ಮೂರು ವರ್ಷ. ಅತ್ತೆ ತೀರಿಕೊಂಡದ್ದು ಈ ಶ್ರಾವಣದಲ್ಲಿ. ನೀವೇ ಬಂದು ಮಣ್ಣು ಹಾಕಿ ಹೋದಿರಿ.

ಅತ್ತೆಯ ಫೋನನ್ನು ಮಾವನಿಂದ ಕೇಳಿ ತೆಗೆದುಕೊಂಡಿದ್ದೇನೆ. ಕರೆನ್ಸಿ ಹಾಕಿಸಿ, ಎಲ್ಲಿ ಹೋದರೂ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತೇನೆ. ನಿನ್ನೆ ಮಧ್ಯಾಹ್ನ ಅದು ರಿಂಗಾಯಿತು. ಯಾವುದೋ ಗೊತ್ತಿಲ್ಲದ ನಂಬರು. "ಸಿದ್ದಗಂಗಮ್ಮ ಅವ್ರಾ?" ಎಂದು ಒಬ್ಬ ಗಂಡಸು ಕೇಳಿದ. ಅಲ್ಲ ಎಂದರೆ ಇಟ್ಟುಬಿಟ್ಟಾನೆಂದು ಹೆದರಿ, "ಹೂಂ, ನಾನೇ" ಎಂದೆ.

ಇನ್ಶೂರೆನ್ಸ್ ಬೇಕಾ ಎಂದು ಕೇಳಲು ಮಾಡಿದ್ದನಂತೆ.