ಹೆಸರಿನ ನಂತರದ ವಾಕ್ಯ

ಕಲ್ಲುಗುಂಡಿ
12 ನವೆಂಬರ್ 2025, ಬುಧವಾರ

ಪ್ರೀತಿಯ ಜುಮಾನಾ ಅತ್ತಿಗೆಗೆ,

ನಿಮ್ಮ ನಾದಿನಿ ಹಸ್ನಾಳ ಸಲಾಂ. ಇಲ್ಲಿ ಎಲ್ಲರೂ ಸೌಖ್ಯ. ಭಾನುವಾರ ಫೋನಿನಲ್ಲಿ ನಿಮ್ಮ ಸ್ವರ ಕೇಳಿ, ಜ್ವರ ಬಿಟ್ಟಿದೆ ಎಂದು ಗೊತ್ತಾದ ಮೇಲೆಯೇ ಉಮ್ಮನಿಗೆ ಊಟ ಸೇರಿದ್ದು.

ಕಾಗದ ತಡವಾಯಿತು, ಬೇಸರ ಮಾಡಬೇಡಿ. ಪುತ್ತೂರಿನ ಕೋಚಿಂಗ್ ಹಾಸ್ಟೆಲಿನಲ್ಲಿ ಫೋನು ತೆಗೆದಿಡುತ್ತಾರೆ, ಭಾನುವಾರ ಸ್ವಲ್ಪ ಹೊತ್ತು ಕೊಟ್ಟರೂ ಮನೆಯವರೆಲ್ಲ ಮಾತಾಡಿ ಮುಗಿಯುವಾಗ ನಿನ್ನ ಸರದಿ ಬರುವುದಿಲ್ಲ, ಹಾಗಾಗಿ ನೀನು ಬರೆ ಎಂದು ಹೇಳಿ ಹೋಗಿದ್ದಿರಿ. ನಾನೂ ತಲೆಯಾಡಿಸಿದ್ದೆ. ಆದರೆ ಏಳನೇ ಕ್ಲಾಸಿನ ನಂತರ ನಾನು ಬರೆದದ್ದೆಲ್ಲ ಬಾಪನ ಬೇಕರಿಗೆ ಬೇಕಾದ ಸಾಮಾನಿನ ಚೀಟಿ. ಸಕ್ಕರೆ, ಮೈದಾ, ಡಾಲ್ಡಾ ಎಂದು ಬರೆದ ಕೈಗೆ 'ಪ್ರೀತಿಯ' ಎಂದು ಬರೆಯಲು ನಾಚಿಕೆಯಾಯಿತು. ಎರಡು ಸಲ ಬರೆದು ಹರಿದೆ. ಮೂರನೆಯದನ್ನು ಅಜ್ಜಿ ಎಲೆಯಡಿಕೆ ಸುತ್ತಿಡಲು ತೆಗೆದುಕೊಂಡರು. ಇದು ನಾಲ್ಕನೆಯದು, ಏನಾದರೂ ಆಗಲಿ, ಕಳುಹಿಸುತ್ತೇನೆ.

ಬ್ರೆಡ್ ಗಾಡಿಯ ಅದ್ರಾಮ ಪುತ್ತೂರಿಗೆ ಹಿಂದಿರುಗುವಾಗ ಹಾಸ್ಟೆಲಿನ ಗೇಟಿನಲ್ಲಿ ಕೊಡುತ್ತಾರಂತೆ. ಬಾಪ ಕೇಳಿದ್ದಕ್ಕೆ, "ಖಾಲಿ ಟ್ರೇಯಲ್ಲಿ ಇಟ್ರೆ ಕಾಗದಕ್ಕೆ ಬನ್ನಿನ ಪರಿಮಳ ಬರ್ತದೆ ಮಾರಾಯ್ರೆ, ನಿಮ್ಮ ಸೊಸೆ ಓದುದು ಬಿಟ್ಟು ಬೇಕರಿ ಹುಡುಕಿಕೊಂಡು ಹೋದ್ರೆ ನನ್ನನ್ನು ಹೇಳ್ಬೇಡಿ" ಎಂದರು. ನಾನು ಎಂದಿನ ಹಾಗೆ ಬಾಗಿಲ ಹಿಂದೆ ನಿಂತು ನಕ್ಕೆ.

ಮಂಗಳವಾರ ಬೆಂಗಳೂರಿನಲ್ಲಿ ನಿಮ್ಮ ಬ್ಯಾಂಕ್ ಇಂಟರ್‌ವ್ಯೂ. ಅದು ಕಳೆದು ಬರುವ ಶುಕ್ರವಾರ ಕಡಬದವರಿಗೆ ಉತ್ತರ ಹೇಳಬೇಕು. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಈಗ ಈ ಎರಡು ದಿನ ಬಿಟ್ಟರೆ ಬೇರೆ ದಿನವೇ ಇಲ್ಲ. ಕಡಬದವರು ಎಂದರೆ ನನ್ನನ್ನು ನೋಡಲು ಬಂದವರು. ಭಾನುವಾರ ಫೋನಿನಲ್ಲಿ ಯಾರೂ ಹೇಳಲಿಲ್ಲ, ನಿಮ್ಮ ಓದಿಗೆ ತೊಂದರೆಯಾಗುತ್ತದೆ ಎಂದು ಬಾಪ ಬೇಡ ಎಂದರು. ಅದನ್ನು ಮುಂದೆ ಬರೆಯುತ್ತೇನೆ. ಮೊದಲು ನಿಮ್ಮ ವಿಷಯ.

ಅತ್ತಿಗೆ, ನಿಮ್ಮ ಹಾಗೆ ಓದಿದವರನ್ನು ನಾನು ನೋಡಿಲ್ಲ. ಶಾಲೆಯಲ್ಲಿ ನಾವು ಪರೀಕ್ಷೆಗೆ ಮಾತ್ರ ಓದುತ್ತಿದ್ದೆವು, ಪುಸ್ತಕ ಮುಚ್ಚಿದರೆ ಓದೂ ಮುಗಿಯಿತು. ನೀವು ಪುಸ್ತಕ ಮುಚ್ಚಿದ ಮೇಲೆಯೇ ಶುರು ಮಾಡುವವರು. ಅಕ್ಕಿ ರೊಟ್ಟಿ ತಟ್ಟುತ್ತಾ ಶೇಕಡಾ ಲೆಕ್ಕ, ಬಟ್ಟೆ ಹಿಂಡುತ್ತಾ ರೈಲು ಸೇತುವೆ ದಾಟುವ ಲೆಕ್ಕ. ಅಜ್ಜಿ ಒಮ್ಮೆ, "ಆ ರೈಲಿಗೆ ಬೇರೆ ಕೆಲಸ ಇಲ್ವ, ಒಂದು ವರ್ಷದಿಂದ ಅದೇ ಸೇತುವೆ ದಾಟ್ತಾ ಉಂಟಲ್ಲ" ಎಂದು ಕೇಳಿದ್ದು ನೆನಪುಂಟಾ?

ಊಟಕ್ಕೆ ನೆಲದಲ್ಲಿ ಸುಪ್ರದ ಬಟ್ಟೆ ಹಾಸಿದರೂ ನಿಮಗೆ ಅದು ಪ್ರಶ್ನೆಪತ್ರಿಕೆಯೇ. ದುಂಡಗೆ ಕುಳಿತವರಲ್ಲಿ ಯಾರ ಎಡಕ್ಕೆ ಯಾರು, ಯಾರ ಎದುರು ಯಾರು ಎಂಬ ಲೆಕ್ಕ ಬ್ಯಾಂಕಿನವರು ಯಾವಾಗಲೂ ಕೇಳುತ್ತಾರೆ ಎಂದು ನಮ್ಮನ್ನೇ ಅದರಲ್ಲಿ ಕೂರಿಸುತ್ತಿದ್ದಿರಿ. ಬಾಪ ಅಜ್ಜಿಯ ಎದುರು, ಉಮ್ಮ ಬಾಪನ ಬಲಕ್ಕೆ, ಹಾಗಾದರೆ ಮೀನಿನ ತಲೆ ಯಾರ ಮುಂದೆ ಎಂದು ಕೇಳಿದ್ದಿರಿ. "ನನ್ನ ಮುಂದೆ. ಅದಕ್ಕೆ ಪೆನ್ನು ಬೇಡ" ಎಂದು ಅಜ್ಜಿ ಬಟ್ಟಲು ಎಳೆದುಕೊಂಡರು. ಆಮೇಲೆ ನೀವು, ಹಸ್ನಾ ಎಲ್ಲಿ ಕೂತದ್ದು ಎಂದು ಹುಡುಕಿದಿರಿ. ನಾನು ಕೂತಿರಲಿಲ್ಲ, ಬಡಿಸುತ್ತಿದ್ದೆ. ಹಾಗಾದರೆ ಇವಳು ಲೆಕ್ಕದಲ್ಲಿಲ್ಲ ಎಂದು ಬಾಪ ತಮಾಷೆ ಮಾಡಿದರು. ಎಲ್ಲರೂ ನಕ್ಕೆವು, ನಾನು ಕೂಡ. ನೀವು ನಗುತ್ತಲೇ ಸ್ವಲ್ಪ ಸರಿದು ಜಾಗ ಮಾಡಿದಿರಿ. ಸಾರಿನ ಪಾತ್ರೆ ಕೈಯಲ್ಲಿದ್ದುದರಿಂದ ನಾನು ಕೂರಲಿಲ್ಲ. ಆದರೆ ನೀವು ಸರಿದದ್ದನ್ನು ನೋಡಿದೆ.

ಹೋದ ವರ್ಷ ಲಿಖಿತ ಪರೀಕ್ಷೆಯಲ್ಲಿ ಅಷ್ಟು ಚೆನ್ನಾಗಿ ಪಾಸಾಗಿ, ಇಂಟರ್‌ವ್ಯೂನಲ್ಲಿ ಕೆಲಸ ಕೈತಪ್ಪಿದಾಗ ನೀವು ಅತ್ತದ್ದನ್ನು ಅಣ್ಣನಿಗೂ ಹೇಳಿರಲಿಲ್ಲ. ನನಗೆ ಹೇಳಿದಿರಿ. ನಿಮ್ಮ ಬಗ್ಗೆ ಹೇಳಿ ಎಂದು ಕೇಳಿದ್ದಕ್ಕೆ ಕಬಕದ ನಿಮ್ಮ ಅಪ್ಪ, ಸೌದಿಯ ದಮ್ಮಾಮಿನಲ್ಲಿರುವ ನನ್ನ ಅಣ್ಣ, ಕಲ್ಲುಗುಂಡಿಯ ಬೇಕರಿ, ಅತ್ತೆ, ಮಾವ ಎಂದು ಎಲ್ಲರ ಬಗ್ಗೆ ಹೇಳಿದಿರಂತೆ. ನಡುವೆ ಕೂತ ಮೇಡಂ ಕೇಳಿಸಿಕೊಂಡು, ಇದರಲ್ಲಿ ನೀವಿನ್ನೂ ಬರಲಿಲ್ಲವಲ್ಲ ಎಂದರಂತೆ. ನೀವು ಮತ್ತೆ ಕಬಕದಿಂದಲೇ ಶುರು ಮಾಡಿದಿರಂತೆ. ಈ ಸಲವೂ ಆಗದಿದ್ದರೆ ಪುಸ್ತಕ ಕಟ್ಟಿಟ್ಟು ದಮ್ಮಾಮಿಗೆ ಹೋಗುವುದು ಎಂದು ನೀವೂ ಅಣ್ಣನೂ ಮಾತಾಡಿಕೊಂಡಿದ್ದೀರಿ. ಅದಕ್ಕೇ ನಾನು ಐದು ಹೊತ್ತಿನ ನಮಾಜಿನಲ್ಲೂ ಇದೊಂದನ್ನೇ ಕೇಳುತ್ತಿದ್ದೇನೆ.

ಕೋಚಿಂಗಿಗೆ ಹೋಗುವ ಮೊದಲು, ಇಂಟರ್‌ವ್ಯೂ ಅಭ್ಯಾಸಕ್ಕೆಂದು ನನ್ನನ್ನು ಬ್ಯಾಂಕ್ ಮ್ಯಾನೇಜರ್ ಮಾಡಿದ್ದು ಮಾತ್ರ ನಿಮ್ಮ ಧೈರ್ಯ. ಅಂಗಡಿಯ ನೀಲಿ ಕುರ್ಚಿ ತಂದು ಚಾವಡಿಯಲ್ಲಿ ಹಾಕಿ, ನೀವು ಎದುರು ಚಾಪೆಯಲ್ಲಿ ಕೂತು, ಕೂತುಕೋ, ನನ್ನ ಮುಖ ನೋಡಿ ಕೇಳು ಎಂದಿರಿ. ನಾನು ಯಾರ ಮುಖ ನೋಡಿದವಳು? ಮೊದಲ ದಿನ ಬಾಗಿಲ ಹಿಂದಿನಿಂದಲೇ ಕೇಳಿದೆ. "ಮ್ಯಾನೇಜರ್ ಬಾಗಿಲ ಹಿಂದೆ ನಿಲ್ಲುದಿಲ್ಲ ಹಸ್ನಾ, ಹಾಗೆ ನಿಲ್ಲುದು ಸಾಲ ತೀರಿಸದವರು" ಎಂದಿರಿ. ಎರಡನೇ ದಿನ ಕುರ್ಚಿಯ ತುದಿಯಲ್ಲಿ ಕೂತೆ. ಒಂದು ವಾರದಲ್ಲಿ ಬೆನ್ನು ಒರಗಿಸಿ ಕೂರುವಷ್ಟಾದೆ. ನಿಮಗೆ ಹೇಳಿರಲಿಲ್ಲ, ಆ ಕುರ್ಚಿಯಲ್ಲಿ ಕೂತಾಗ ನನ್ನ ಸ್ವರ ನನಗೇ ಬೇರೆಯಾಗಿ ಕೇಳುತ್ತಿತ್ತು.

ಅಜ್ಜಿ ಯಾರೂ ಕರೆಯದೆ ಬಂದು ಪಕ್ಕದಲ್ಲಿ ಕೂತರು. "ಸಾಲ ಕೇಳ್ಲಿಕ್ಕೆ ಬಂದವನ ಮುಖ ನೋಡಿ ಕೊಡ್ತೀಯಾ, ಕಾಗದ ನೋಡಿ ಕೊಡ್ತೀಯಾ?" ಎಂದು ಕೇಳಿದರು. ನೀವು ಸ್ವಲ್ಪವೂ ತಡಮಾಡದೆ, "ಎರಡೂ ನೋಡ್ತೇನೆ, ಮತ್ತೆ ಅವನ ಹೆಂಡತಿಯ ಹತ್ರ ಕೇಳ್ತೇನೆ" ಎಂದಿರಿ. "ಇವಳಿಗೆ ಕೆಲಸ ಕೊಡುವ" ಎಂದು ಅಜ್ಜಿ ಅಲ್ಲಿಯೇ ತೀರ್ಪು ಕೊಟ್ಟರು. ಆದರೆ ನಿಮ್ಮ ಬಗ್ಗೆ ಹೇಳಿ ಎಂದು ನಾನು ಕೇಳಿದಾಗಲೆಲ್ಲ ನೀವು ಕಬಕದಿಂದ ಹೊರಟು ದಮ್ಮಾಮಿಗೆ ಹೋಗಿ ಕಲ್ಲುಗುಂಡಿಗೆ ಬಂದು ನಿಲ್ಲುತ್ತಿದ್ದಿರಿ. ಇಂಗ್ಲಿಷಿನಲ್ಲಿ ಆಮೇಲೆ ಹೇಳಿಕೊಳ್ಳಬಹುದು, ಮೊದಲು ಒಳಗೆ ಎಂತಾದರೂ ಇರಬೇಕಲ್ಲ ಎಂದು ತಲೆ ಹಿಡಿದುಕೊಳ್ಳುತ್ತಿದ್ದಿರಿ.

ಹಾಗಿರುವಾಗ ಬೇಕರಿಯ ಒಂದು ಬನ್ನು ಕಾಣೆಯಾಯಿತು. ಸಂಜೆ ಟ್ರೇಯಲ್ಲಿ ಒಂದು ಕಡಿಮೆ. ಹೋಗಲಿ ಬಿಡು ಎಂದು ಬಾಪ ಹೇಳಿದರೂ ನೀವು ಬಿಡಲಿಲ್ಲ. ಮಾರಿದ್ದು, ಒಡೆದದ್ದು, ಬೆಕ್ಕು ಎಳೆದದ್ದು ಎಲ್ಲವನ್ನೂ ಕೂಡಿ ಕಳೆದು ಕೊನೆಗೆ ಅಜ್ಜಿಯ ದಿಂಬಿನ ಅಡಿಗೆ ಬಂದು ತಲುಪಿದಿರಿ. ಸಕ್ಕರೆ ಕಾಯಿಲೆಯ ಅಜ್ಜಿ ಕಣ್ಣು ಮುಚ್ಚಿ ಮಲಗಿದ ಹಾಗೆ ಮಾಡಿದರು. ಮರುದಿನ ನಾನು ಕುರ್ಚಿಯಲ್ಲಿ ಕೂತು ಅದೇ ಪ್ರಶ್ನೆ ಕೇಳಿದೆ. ನೀವು ನನ್ನನ್ನೇ ನೋಡಿ ಹೇಳಿದಿರಿ:

"ನನ್ನ ಹೆಸರು ಜುಮಾನಾ. ಲೆಕ್ಕ ತಾಳೆಯಾಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ."

ಅಷ್ಟೇ. ಅಜ್ಜಿ ಎಲೆ ಜಗಿಯುವುದನ್ನು ನಿಲ್ಲಿಸಿದರು. ಅದರಲ್ಲಿ ಅಣ್ಣ ಇಲ್ಲ, ಬಾಪ ಇಲ್ಲ, ನಾವು ಯಾರೂ ಇಲ್ಲ. ಆದರೂ ನಮ್ಮ ಮನೆಯ ಜುಮಾನಾ ಪೂರ್ತಿಯಾಗಿ ಇದ್ದಳು. ಆಮೇಲಿನ ಮಾತುಗಳೆಲ್ಲ ತಾವಾಗಿಯೇ ಬಂದವು. ಅಜ್ಜಿ ಕೊನೆಯಲ್ಲಿ, "ಇದನ್ನೇ ಬ್ಯಾಂಕಿನವರಿಗೆ ಹೇಳು, ಬನ್ನಿನ ವಿಷಯ ಮಾತ್ರ ಬೇಡ" ಎಂದರು. ಮಂಗಳವಾರ ಬೇರೆ ಎಂತ ಮರೆತರೂ ಆ ವಾಕ್ಯ ಮರೆಯಬೇಡಿ.

ಈಗ ಕಡಬದವರ ಸುದ್ದಿ. ಭಾನುವಾರ ಸಂಜೆ ಅಸರ್ ನಮಾಜಿನ ಹೊತ್ತಿಗೆ ಬಂದರು. ಹುಡುಗನ ತಾಯಿ ಸಫಿಯಮ್ಮ ಮತ್ತು ಅವರ ಮಗಳು. ಹುಡುಗ ಜಾಸಿರ್ ಎಂದು, ಕಡಬ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಒಳ್ಳೆಯ ಜನ. ಸಫಿಯಮ್ಮ ನನ್ನ ಗಲ್ಲ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ನಿಮ್ಮ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿ ಇಟ್ಟು ಕೂತೆ. "ಕೂತದ್ದು ನೋಡಿದ್ರೆ ಟೀಚರಿನ ಹಾಗೆ ಉಂಟು" ಎಂದು ನಗಾಡಿದರು.

ಆಮೇಲೆ ಪ್ರಶ್ನೆ ಶುರುವಾಯಿತು. ಎಲ್ಲವೂ ಉಮ್ಮನಿಗೆ. ಎಲ್ಲಿಯವರೆಗೆ ಕಲಿತದ್ದು, ಯಾಕೆ ನಿಲ್ಲಿಸಿದ್ದು, ಬಿರಿಯಾನಿ ಮಾಡ್ತಾಳಾ, ಸ್ವಭಾವ ಹೇಗೆ. ಉಮ್ಮ ಚೆನ್ನಾಗಿಯೇ ಹೇಳಿದರು. ಘಾಟಿಯಲ್ಲಿ ಗುಡ್ಡ ಜಾರಿ ರಸ್ತೆ ಮುಚ್ಚಿದ ವರ್ಷ ಇವಳ ಏಳನೇ ಕ್ಲಾಸು ಮುಗಿದಿತ್ತು, ವ್ಯಾಪಾರ ನಿಂತಿತ್ತು, ಅಜ್ಜಿ ಬಿದ್ದು ಸೊಂಟ ಮುರಿದುಕೊಂಡದ್ದೂ ಆಗಲೇ, ಒಂದು ವರ್ಷ ಮನೆಯಲ್ಲಿರಲಿ ಎಂದೆವು, ಮತ್ತೆ ಹಾಗೆಯೇ ಆಯಿತು. ಎಲ್ಲ ನಿಜ. ಶಾಲೆ ಬಿಡು ಎಂದು ನನಗೆ ಯಾರೂ ಹೇಳಿದ್ದಿಲ್ಲ. ಉಮ್ಮ ಹೇಳುವಾಗ ನಾನು ಬೇರೆ ಯಾರದ್ದೋ ಕಥೆ ಕೇಳಿದ ಹಾಗೆ ಕೇಳುತ್ತಾ ಕೂತಿದ್ದೆ.

ಹೊರಡುವ ಮೊದಲು ಸಫಿಯಮ್ಮ, ಹುಡುಗಿಗೆ ಒಪ್ಪಿಗೆ ಉಂಟಲ್ಲ ಎಂದು ಕೇಳಿದರು, ಅದನ್ನೂ ಉಮ್ಮನ ಹತ್ತಿರವೇ. "ಅವಳಿಗೆ ಎಂತ, ನಾವು ಹೇಳಿದ ಹಾಗೆ" ಎಂದು ಉಮ್ಮ ಪ್ರೀತಿಯಿಂದ ನನ್ನ ತಲೆ ಸವರಿದರು. ಅವರಿಗೆ ನಾನು ಹಿಡಿಸಿದೆನಂತೆ. ಜುಮಾನಾ ಇಂಟರ್‌ವ್ಯೂ ಮುಗಿಸಿ ಬುಧವಾರ ಬರಲಿ, ಅವಳಿದ್ದರೆ ಮಾತಿಗೆ ಒಂದು ತೂಕ, ಶುಕ್ರವಾರ ಒಪ್ಪಿಗೆ ತಿಳಿಸುವ ಎಂದು ಬಾಪ ಹೇಳಿದ್ದಾರೆ. ನೋಡಿ, ಈ ಮನೆಯಲ್ಲಿ ನಿಮ್ಮ ಮಾತಿಗೆ ಎಷ್ಟು ಬೆಲೆ ಬಂದಿದೆ. ಅದು ಬ್ಯಾಂಕು ಕೊಟ್ಟದ್ದಲ್ಲ, ನೀವೇ ಓದಿ ಸಂಪಾದಿಸಿದ್ದು.

ಬೆಂಗಳೂರಿಗೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಕಚ್ಚುತ್ತದೆ. ಬೂದು ಬಣ್ಣದ ಶಾಲು ನಿಮಗೆ ಒಪ್ಪುತ್ತದೆ. ಅಜ್ಜಿ ಹೇಳಿ ಬರೆಸಿದ್ದು: "ಉತ್ತರ ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತ ಹೇಳು. ಆದ್ರೆ ಗೊತ್ತಿದ್ದವರ ಹಾಗೆ ಕೂತು ಹೇಳು."

ಅಲ್ಲಾಹು ನಿಮ್ಮ ನಾಲಗೆಯನ್ನು ಹಗುರ ಮಾಡಲಿ, ಮನಸ್ಸನ್ನು ಗಟ್ಟಿ ಮಾಡಲಿ. ನನ್ನಿಂದ ಕೊಡಲಿಕ್ಕೆ ದುಆ ಬಿಟ್ಟರೆ ಬೇರೆ ಎಂತ ಉಂಟು.

ನಿಮ್ಮ
ಹಸ್ನಾ

ಇನ್ನೊಂದು ಮಾತು: ಇದನ್ನು ಮೇಲೆ ಬರೆಯಬೇಕೆಂದಿದ್ದೆ, ಕೈ ಬರಲಿಲ್ಲ. ಕಡಬದವರು ಹೋದ ಮೇಲೆ, ಎಲ್ಲರೂ ಅವರನ್ನು ಬಸ್ಸು ಹತ್ತಿಸಲು ರಸ್ತೆಗೆ ಹೋಗಿದ್ದಾಗ, ನಾನು ನೀಲಿ ಕುರ್ಚಿಯನ್ನು ಚಾವಡಿಯಲ್ಲಿ ಹಾಕಿದೆ. ಅದರಲ್ಲಿ ಕೂರಲಿಲ್ಲ. ಅದರ ಎದುರು, ನೀವು ಕೂರುತ್ತಿದ್ದ ಚಾಪೆಯಲ್ಲಿ ಕೂತೆ. ಇಷ್ಟು ದಿನ ನಿಮಗೆ ಆ ಪ್ರಶ್ನೆ ಕೇಳಿದವಳಲ್ಲವೇ, ನನ್ನ ಉತ್ತರ ಹೇಗಿರುತ್ತದೆ ನೋಡುವ ಎಂದುಕೊಂಡೆ. 'ನನ್ನ ಹೆಸರು ಹಸ್ನಾ' ಎಂದೆ. ಮುಂದಿನ ವಾಕ್ಯ ಬರಲಿಲ್ಲ ಅತ್ತಿಗೆ. ಬಂದದ್ದೆಲ್ಲ ಬಾಪ, ಅಜ್ಜಿ, ಬಡಿಸುವುದು, ಒರೆಸುವುದು. ಜಾಸಿರ್ ಒಳ್ಳೆಯವನೇ ಇರಬಹುದು, ನಾನು ಬೇಡ ಎನ್ನುತ್ತಿಲ್ಲ. ಆದರೆ ಈಗಲೇ ಹೋದರೆ ಬರೀ ಹೆಸರು ಮಾತ್ರ ಕಡಬಕ್ಕೆ ಹೋಗುತ್ತದೆ. ನಿಮಗೂ ಆ ವಾಕ್ಯ ಒಂದೇ ದಿನದಲ್ಲಿ ಸಿಕ್ಕಿದ್ದಲ್ಲವಲ್ಲ, ನನಗೂ ಸ್ವಲ್ಪ ಸಮಯ ಬೇಕು. ನೀವು ಬಂದ ಮೇಲೆ ಶುಕ್ರವಾರದ ಮೊದಲು, ಬಾಪನ ಎದುರಿನಲ್ಲಿಯೇ, ಆ ಕುರ್ಚಿಯಲ್ಲಿ ಕೂತು ನನ್ನನ್ನು ಒಮ್ಮೆ ಅದೇ ಪ್ರಶ್ನೆ ಕೇಳುತ್ತೀರಾ? ಹೆಸರು ಹೇಳಿದ ಮೇಲೆ ನಾನು ಸುಮ್ಮನೆ ಕೂತಿರುವುದನ್ನು ಬಾಪ ನೋಡಲಿ.